ಹೃದಯ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯನ್ನು ಸೊರಗಿಸಬೇಡಿ

ವೈದ್ಯರು ಕೊಬ್ಬರಿ ಕಡಿಮೆ ಮಾಡಿ ಎಂದೊಡನೆ ನಮ್ಮ ತಿಪಟೂರು, ತುರುವೇಕೆರೆ ಸೀಮೆಯ ಮನೆಗಳಲ್ಲಿ ಹಾಲು, ಬೇಳೆಗಳನ್ನೂ ಬಿಡಿಸಿ, ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೊರಡುವವರೆಗೂ ರೋಗಿಗೆ ಬರಿಯ ಗಂಜಿ ಕೊಡುವುದುಂಟು. ಕೊಬ್ಬರಿ ಎಣ್ಣೆಯಲ್ಲಿ ಶೇ. 90ರಷ್ಟು ಸಂತೃಪ್ತ ಕೊಬ್ಬಿದೆ. ತೆಂಗನ್ನೇ ನಂಬಿದ ನಮಗೆ ಕಹಿಯಾದರೂ ವೈದ್ಯರ ಮಾತು ಸರಿ. ಆದರೆ ಸೀಳಿದ ಎದೆಮೂಳೆ ಕೂಡಲು ಹಲವು ವಾರಗಳು ಬೇಕು. ಆಗ ಪ್ರೋಟೀನು ಸಾಲದಿದ್ದರೆ ದೇಹವು ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳುತ್ತದೆ. ಗಾಯಕ್ಕೆ ಸೋಂಕು, ದೀರ್ಘ ಆಸ್ಪತ್ರೆವಾಸ, ಪ್ರಾಣಾಪಾಯ ಕೂಡ ಕೃಶರಾದವರಲ್ಲಿ ಅಧಿಕ. ಆರು ತಿಂಗಳಲ್ಲಿ 60 ಕಿಲೋ ತೂಕ 54ಕ್ಕೆ ಇಳಿದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ತುರ್ತಿಲ್ಲದಿದ್ದರೆ ಒಂದೆರಡು ವಾರ ಪೋಷಣೆ ನೀಡಿ ಅನಂತರ ಶಸ್ತ್ರಚಿಕಿತ್ಸೆ ಮಾಡಬಹುದು. ಹೆಸರುಬೇಳೆ, ಮೊಸರು, ಅವರೆಕಾಳುಗಳು ನಮ್ಮ ಅಡುಗೆಮನೆಯಲ್ಲೇ ಇವೆ. ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳತಕ್ಕದ್ದು.