ಕಾರಿನ ಹಾಡಿಗೆ ವಿದ್ಯುತ್ತಿನ ಲೆಕ್ಕ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಶಾಲೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕರು ಕೇಳಿದ್ದರು. ನೆನಪುಗಳನ್ನು ಇತರರು ಬರೆಯುತ್ತಾರೆ. ಅರ್ಧಕ್ಕೆ ಉಳಿದ ಒಂದು ಪಾಠವನ್ನು ನಾನು ಮುಗಿಸುತ್ತೇನೆ.

ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ನನ್ನನ್ನು ಸೊಲ್ಲಾಪುರದಿಂದ ಅಕ್ಕಲಕೋಟೆಗೆ ತನ್ನ ಕಾರಿನಲ್ಲಿ ಕರೆದೊಯ್ದ. ಹಿಂದೆ ಅವನ ಇಬ್ಬರು ಮಕ್ಕಳು. ಹಾಡಿನ ಪ್ರತಿಯೊಂದು ಪೆಟ್ಟಿಗೂ ಮುಂದಿನ ದೀಪಗಳು ಕುಂದುತ್ತಿದ್ದವು. “ಗುರೂಜಿ, ಎರಡು ಸಲ ಬ್ಯಾಟರಿ ಬದಲಿಸೀನ್ರಿ, ಆದ್ರೂ ಹಿಂಗ ಆಗ್ತದ” ಎಂದ. ವಳಸಂಗ ಸಮೀಪಿಸುತ್ತಿದ್ದಂತೆ ರಬ್ಬರು ಸುಟ್ಟ ವಾಸನೆ ಬಂದಿತು. ಮಕ್ಕಳನ್ನು ಇಳಿಸಿ, ಎಂಜಿನ್ ನಿಲ್ಲಿಸಿ, ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿದೆವು. ಆಂಪ್ಲಿಫೈಯರಿಗೆ ಹೋಗುವ ತಂತಿಯು ತಗಡಿನ ತೂತಿನಲ್ಲಿ ಉಜ್ಜಿ ಕರಗಿತ್ತು. ಎಲ್ಲಿಯೂ ಫ್ಯೂಜ್ ಇರಲಿಲ್ಲ.

ಕಾರಿನಲ್ಲಿ ವಿದ್ಯುತ್ತನ್ನು ಉತ್ಪಾದಿಸುವುದು ಆಲ್ಟರ್ನೇಟರ್. ಬ್ಯಾಟರಿ ಹಗೇವು ಇದ್ದಂತೆ. ರಾಶಿಯೇ ಬಾರದಿದ್ದರೆ ಹಗೇವು ಎಷ್ಟು ದೊಡ್ಡದಿದ್ದರೇನು? ಅವನ ಆಂಪ್ಲಿಫೈಯರ್ 1,000 ವ್ಯಾಟಿನದು. ನೂರಕ್ಕೆ 80 ಪಾಲು ಮಾತ್ರ ಧ್ವನಿವರ್ಧಕಕ್ಕೆ ಸೇರುವುದೆಂದರೆ ಅದು ಎಳೆಯುವುದು 1,250 ವ್ಯಾಟ್. ಇದನ್ನು 13.8 ವೋಲ್ಟಿನಿಂದ ಭಾಗಿಸಿದರೆ ಸುಮಾರು 90 ಆಂಪಿಯರ್. ಸಣ್ಣ ಕಾರಿನ ಆಲ್ಟರ್ನೇಟರಿನ ಪೂರ್ಣ ಶಕ್ತಿಯೇ ಹೆಚ್ಚುಕಡಿಮೆ ಅಷ್ಟು. ಅದೂ ಎಂಜಿನ್ ವೇಗವಾಗಿ ತಿರುಗಿದಾಗ. ಮದುವೆಯ ಮೆರವಣಿಗೆಯಲ್ಲಿ ವಾಹನ ಆಮೆಯಂತೆ ಸಾಗುತ್ತದೆ, ಹಾಡು ಮಾತ್ರ ಮುಗಿಲಿಗೇರುತ್ತದೆ. ಸಂಕ್ರಾಂತಿಗೆ ಸಿದ್ಧರಾಮೇಶ್ವರರ ಏಳು ನಂದಿಧ್ವಜಗಳು ಹೊರಡುವಾಗ ಹಲಗೆಯವನಿಗೆ ಆಲ್ಟರ್ನೇಟರ್ ಬೇಕಿರಲಿಲ್ಲ. ಆ ಮಾತು ಬೇರೆ.

ಇನ್ನು ತಂತಿ. ಅವನದು 6 ಚದರ ಮಿಲಿಮೀಟರಿನದು, 5 ಮೀಟರ್ ಉದ್ದ. 90 ಆಂಪಿಯರ್ ಹರಿದಾಗ ಅದರಲ್ಲಿಯೇ ಸುಮಾರು 1.4 ವೋಲ್ಟ್ ನಷ್ಟ. 125 ವ್ಯಾಟಿನಷ್ಟು ಶಾಖ. 25 ಚದರ ಮಿಲಿಮೀಟರಿನ ಶುದ್ಧ ತಾಮ್ರದ ತಂತಿಯಲ್ಲಿ ನಷ್ಟ ಇದರ ಕಾಲು ಭಾಗಕ್ಕಿಂತ ಕಡಿಮೆ. ಮೇಲೆ ತಾಮ್ರ, ಒಳಗೆ ಅಲ್ಯುಮಿನಿಯಂ ಇರುವ ಅಗ್ಗದ ತಂತಿಗೆ ಮೋಸಹೋಗಬಾರದು. ವಿದ್ಯುತ್ತು ಕಾರಿನ ಮೈಯ ಮೂಲಕವೇ ಹಿಂದಿರುಗುವುದರಿಂದ ಆಲ್ಟರ್ನೇಟರಿನಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಮೈಗೆ, ಎಂಜಿನ್ನಿನಿಂದ ಮೈಗೆ ಇರುವ ಮೂರು ತಂತಿಗಳನ್ನೂ ದಪ್ಪಗೊಳಿಸಬೇಕು. ಸಾಲದಿದ್ದರೆ ದೊಡ್ಡ ಆಲ್ಟರ್ನೇಟರ್, ಬ್ಯಾಟರಿ ಕೊನೆಗೆ. ಅಂಗಡಿಯವರು ಹೊಗಳುವ ಕೆಪ್ಯಾಸಿಟರ್ ಕ್ಷಣಮಾತ್ರ ನೆರವಾದೀತು, ವಿದ್ಯುತ್ತನ್ನು ಹುಟ್ಟಿಸಲಾರದು.

ಫ್ಯೂಜನ್ನು ಬ್ಯಾಟರಿಯಿಂದ ಒಂದು ಮೊಳದೊಳಗೇ ಕೂಡಿಸಬೇಕು. ಅದು ಕಾಯುವುದು ತಂತಿಯನ್ನು, ಹಾಡನ್ನಲ್ಲ. ಆಂಪ್ಲಿಫೈಯರಿನ ಬಳಿ ಮಾತ್ರ ಇದ್ದರೆ ನಡುವೆ ತಂತಿ ಕಾರಿನ ಮೈಗೆ ತಾಕಿದಾಗ ಬ್ಯಾಟರಿಯ ನೂರಾರು ಆಂಪಿಯರ್ ತಡೆಯಿಲ್ಲದೆ ಹರಿಯುತ್ತದೆ. ತಂತಿ ತಗಡನ್ನು ದಾಟುವಲ್ಲಿ ರಬ್ಬರು ಬಳೆ ಇರಲೇಬೇಕು. ಅವನ ಕಾರಿನಲ್ಲಿ ಆ ಅಲ್ಪಬೆಲೆಯ ಬಳೆಯೂ ಇರಲಿಲ್ಲ.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 45 ಎಂಬುದನ್ನೂ ಅವನಿಗೆ ಹೇಳಿದೆ. ನಕ್ಕ. ಆದರೆ ಈಗ 400 ವ್ಯಾಟಿನ ಆಂಪ್ಲಿಫೈಯರ್ ಹಾಕಿಸಿದ್ದಾನೆ. 36 ಆಂಪಿಯರ್ ಸಾಕು. ಮೊನ್ನೆ ರಾತ್ರಿ ಮನೆಯ ಮುಂದೆ ಕಾರು ನಿಲ್ಲಿಸಿ ಹಾಡು ಹಚ್ಚಿ ತೋರಿಸಿದ. ದೀಪಗಳು ಕುಂದಲಿಲ್ಲ.