ಮಷೀನ್ ಮನ್ಯಾಗದ, ಅಸ್ತರ ಎಲ್ಲ್ಯದ?

ಅಬ್ಬೆತುಮಕೂರು: ವಿಶ್ವಾರಾಧ್ಯರ ಮಠದಿಂದ ಹೆಸರಾದ ಈ ಊರಿನಿಂದ ಯಾದಗಿರಿ ಬಸ್ಸು ಹತ್ತುವ ಹೊಲಿಗೆಯ ಹೆಣ್ಣುಮಕ್ಕಳ ಕೈಚೀಲದಲ್ಲಿ ಏನಿರುತ್ತದೆ? ಬೆರಳಗಲದ ಒಂದು ಅರಿವಿ ತುಂಡು. ಅದೇ ಬಣ್ಣದ ಅಸ್ತರ ಬೇಕು, ಅದೇ ಬಣ್ಣದ ದಾರ ಬೇಕು. ಕೊಳ್ಳುವುದು ಒಂದು ಮೀಟರ್. ಹುಡುಕುವುದು ಇಡೀ ಪೇಟೆ!

"ಅಸ್ತರ ಇಡೋದು ಬಿಟ್ಟೀವಿ ಅಕ್ಕಾ, ರೆಡಿಮೇಡ್ ಅದಾವ ನೋಡ್ರಿ." ತಾನಿನ ಅರಿವಿ ಹರಿದು ಕೊಡುವ ಅಂಗಡಿಗಳು ಕಡಿಮೆಯಾದಂತೆ ಇದೇ ಮಾತು ಹೆಚ್ಚಾಗಿ ಕೇಳುತ್ತಿದೆ.

ಅಂಗಡಿಯವನ ಲೆಕ್ಕ

ಅಂಗಡಿಯವನನ್ನು ಬೈದು ಉಪಯೋಗವಿಲ್ಲ. ಅಸ್ತರ ಮಾರಬೇಕೆಂದರೆ ಕಪಾಟಿನ ತುಂಬ ಬಣ್ಣ ಬಣ್ಣದ ತಾನು ಜೋಡಿಸಬೇಕು. ಕೆಂಪಿನಲ್ಲೇ ಹತ್ತು ಕೆಂಪು. ಒಬ್ಬಾಕೆ ಮುಕ್ಕಾಲು ಮೀಟರ್ ಹರಿಸಿಕೊಂಡು ಹೋದರೆ ಉಳಿದದ್ದು ಧೂಳು ತಿನ್ನುತ್ತಾ ಕೂಡುತ್ತದೆ. ಹಾಕಿದ ದುಡ್ಡೂ ಅದರೊಳಗೇ ಸುತ್ತಿಕೊಂಡಿರುತ್ತದೆ. 2017ರ ಜುಲೈ 1ರಿಂದ ಜಿಎಸ್‌ಟಿ ಬಂದು ಅರಿವಿಗೂ ಶೇ. 5 ತೆರಿಗೆ ಬಿತ್ತು. ಲೆಕ್ಕ ಬರೆಯುವ ಕೆಲಸ ಬೇರೆ. ಹೊಲಿದಿಟ್ಟ ನೈಟಿ ಹಾಗಲ್ಲ. ಬೆಳಗ್ಗೆ ತೂಗುಹಾಕಿದರೆ ಸಂಜೆಯೊಳಗೆ ಖರ್ಚು.

ಹೊಲಿಯುವಾಕೆಯ ಲೆಕ್ಕ

ಆದರೆ ಇಂಥ ಅಂಗಡಿ ಮುಚ್ಚಿದಾಗ ಹೋಗುವುದು ಬರೀ ಅರಿವಿಯಲ್ಲ. "ಇದು ಹತ್ತಿ ಅಸ್ತರದವ್ವಾ, ನೀರಾಗ ನೆನಸಿ, ಒಣಗಿಸಿ ಆಮ್ಯಾಲ ಕತ್ತರಿಸು" ಎಂದು ಹೇಳುವವನೂ ಹೋಗುತ್ತಾನೆ. ನೆನಸದೆ ಹೊಲಿದರೆ ಮೊದಲ ಒಗೆತಕ್ಕೇ ಅಸ್ತರ ಕುಗ್ಗಿ ಕುಬಸ ಸುಕ್ಕುಗಟ್ಟುತ್ತದೆ. ಹೆಸರು ಕೆಡುವುದು ಹೊಲಿದಾಕೆಯದು! ಮೊಬೈಲಿನಲ್ಲಿ ತರಿಸೋಣವೆಂದರೆ ನೋಡಿದ ಬಣ್ಣ ಒಂದು, ಬಂದ ಬಣ್ಣ ಇನ್ನೊಂದು.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆ, ನಿಜ. ಯಾದಗಿರಿಯಲ್ಲಿ ಸಿಗದಿದ್ದರೆ ಕಲಬುರಗಿಗೂ ಹೋಗಿಬರಬಹುದು. ಆ ದಿನದ ಹೊಲಿಗೆಯ ದುಡ್ಡು ಯಾರು ಕೊಡಬೇಕು? ಅದೇ ವರ್ಷ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಗಳಿಗೂ ಸಲಕರಣೆಗೆಂದು 15,000 ರೂಪಾಯಿವರೆಗೆ ನೆರವುಂಟು. ಮಷೀನೇನೋ ಬಂತು. ಅಸ್ತರ?

ಖಣದ ಗತಿ

ಉಡಿ ತುಂಬುವ ಖಣದ ಕತೆಯೂ ಇದೇ. ಗುಳೇದಗುಡ್ಡದ ಕೈಮಗ್ಗದ ಖಣ ಎರಡೂ ಕಡೆ ಅಂಚಿಟ್ಟು ಕುಬಸಕ್ಕೆಂದೇ ನೇಯ್ದದ್ದು. ಈಗ ಉಡಿಯಲ್ಲಿ ಬೀಳುವುದು ಹೆಚ್ಚಾಗಿ ತೆಳ್ಳನೆಯ ಬ್ಲೌಸ್ ಪೀಸು. ಅದನ್ನು ಯಾರೂ ಹೊಲಿಸುವುದಿಲ್ಲ. ಈ ಮನೆಯ ಉಡಿಯಿಂದ ಆ ಮನೆಯ ಉಡಿಗೆ ತಿರುಗುತ್ತಿರುತ್ತದೆ, ಅಷ್ಟೆ.

ಇದು ನಮ್ಮ ಸೀಮೆಯ ಗೋಳು ಮಾತ್ರವಲ್ಲ. ಅಮೆರಿಕದ ಓಹಾಯೋದಲ್ಲಿ 1943ರಲ್ಲಿ ಶುರುವಾಗಿ ದೇಶದ ತುಂಬ ಹಬ್ಬಿದ್ದ ಜೋ-ಆನ್ ಎಂಬ ಅರಿವಿ ಕಂಪನಿ ದಿವಾಳಿಯೆದ್ದು, 2025ರಲ್ಲಿ ತನ್ನ ಸುಮಾರು 800 ಅಂಗಡಿಗಳನ್ನೂ ಮುಚ್ಚಿತು. ಅರಿವಿಯನ್ನು ಕೈಯಲ್ಲಿ ಮುಟ್ಟಿ ನೋಡಿ ಕೊಳ್ಳುವ ಜಾಗ ಅಲ್ಲಿನ ಮನೆ ಹೊಲಿಗೆಯವರಿಗೂ ತಪ್ಪಿತು.

ದಾರಿ ಇಲ್ಲವೆಂದಲ್ಲ. ಸ್ವಸಹಾಯ ಸಂಘದವರು ಕೂಡಿ ತಾನು ತರಿಸಿ ಹಂಚಿಕೊಳ್ಳಬಹುದು. ಪೇಟೆಯ ವರ್ತಕರು ನೂರು ಬಣ್ಣ ಇಡುವುದು ಬೇಡ. ನಡೆಯುವ ಇಪ್ಪತ್ತು ಬಣ್ಣಕ್ಕೆ ಒಂದು ಕಪಾಟು ಬಿಟ್ಟರೆ ಸಾಕು. ಅಸ್ತರಕ್ಕೆಂದು ಬಂದಾಕೆ ಬರಿಗೈಲಿ ಹೋಗುವುದಿಲ್ಲ. ದಾರ, ಹುಕ್ಕು, ಫಾಲು ಒಯ್ಯುತ್ತಾಳೆ. ಮನಸ್ಸಿಗೆ ಬಂದರೆ ಒಂದು ಸೀರೆಯನ್ನೂ!