ಸ್ಟೀರಿಂಗ್ ರಿಪೇರಿಯಾದ ಮೇಲೆ ಕ್ಲಾಕ್ ಸ್ಪ್ರಿಂಗನ್ನು ನಡುವಿಗೆ ತನ್ನಿರಿ



ಬೀಜ, ಗೊಬ್ಬರಗಳ ವಿಷಯ ಹೇಳುವ ಗ್ರಾಮಸೇವಕನು ಕಾರಿನ ಮಾತನ್ನು ಏಕೆ ಎತ್ತಿದನೆಂದು ತಾವು ಕೇಳಬಹುದು. ನಮ್ಮ ಕಂಪ್ಲಿ ಸುತ್ತಿನ ಹಳ್ಳಿಗಳಲ್ಲಿ ಈಗ ಅನೇಕ ಮನೆಗಳ ಮುಂದೆ ಕಾರು ನಿಂತಿದೆ. ಕಾಲುವೆ ಏರಿಯ ಮೇಲೆ, ಗುಂಡಿ ಬಿದ್ದ ದಾರಿಯಲ್ಲಿ ಓಡಿ ಅದರ ಸ್ಟೀರಿಂಗ್ ಸಡಿಲವಾಗುತ್ತದೆ; ರಿಪೇರಿಗೆ ಬಿಡುತ್ತೇವೆ. ಹೀಗೆ ರಿಪೇರಿಯಾಗಿ ಬಂದ ಒಂದು ಕಾರಿನಲ್ಲಿ ನಾನು ಈಚೆಗೆ ಹೊಸಪೇಟೆಯಿಂದ ಬಂದೆನು. ಊರೊಳಗೆ ಕಾರನ್ನು ಹೊರಳಿಸಲು ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ 'ಟಪ್' ಎಂದು ಸದ್ದಾಯಿತು. ಹಾರನ್ ನಿಂತಿತು, ಏರ್‌ಬ್ಯಾಗಿನ ದೀಪ ಹತ್ತಿಕೊಂಡಿತು. 'ಹಾರನ್ ತಾನೇ, ನಾಳೆ ನೋಡೋಣ' ಎಂದರು ಮಾಲೀಕರು. ಕೆಟ್ಟದ್ದು ಬರಿಯ ಹಾರನ್ ಅಲ್ಲ; ಡಿಕ್ಕಿಯಾದಾಗ ಅವರ ತಲೆ, ಎದೆಗಳನ್ನು ಕಾಯಬೇಕಾದ ಗಾಳಿಚೀಲವೂ ಕೆಟ್ಟಿತ್ತು.

ಕ್ಲಾಕ್ ಸ್ಪ್ರಿಂಗ್ ಎಂದರೇನು?

ಏರ್‌ಬ್ಯಾಗ್ ಇರುವುದು ಸ್ಟೀರಿಂಗ್ ಚಕ್ರದ ನಡುವೆ. ಚಕ್ರ ತಿರುಗುತ್ತದೆ, ಅದರ ಕೆಳಗಿನ ಕಂಬದ ಹೊದಿಕೆ ತಿರುಗದು. ನಡುವೆ ತಂತಿಯನ್ನು ನೇರವಾಗಿ ಎಳೆದರೆ ತಿರುಚಿ ಕಡಿದುಹೋದೀತು. ಆದುದರಿಂದ ಒಂದು ದುಂಡು ಡಬ್ಬಿಯಲ್ಲಿ ಚಪ್ಪಟೆ ಪಟ್ಟಿಯಂಥ ತಂತಿಯನ್ನು ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿ ಇಟ್ಟಿರುತ್ತಾರೆ. ಇದೇ ಕ್ಲಾಕ್ ಸ್ಪ್ರಿಂಗ್. ಚಕ್ರ ತಿರುಗಿದಂತೆ ಸುರುಳಿಯು ಬಿಗಿಯುತ್ತದೆ, ಇಲ್ಲವೆ ಸಡಿಲುತ್ತದೆ.

ಕಣದಲ್ಲಿ ಮೇಟಿಗೆ ಕಟ್ಟಿದ ಎತ್ತನ್ನು ನೆನೆಯಿರಿ. ಹಗ್ಗವು ಮೊದಲೇ ಮೇಟಿಗೆ ಸುತ್ತಿಕೊಂಡಿದ್ದರೆ, ಎತ್ತು ಎರಡು ಸುತ್ತು ಬರುವುದರೊಳಗೆ ಹಗ್ಗ ಬಿಗಿದು ನಿಲ್ಲುತ್ತದೆ. ಎತ್ತೇನೋ ನಿಂತೀತು, ನಮ್ಮ ಕೈ ನಿಲ್ಲದು. ಪಟ್ಟಿ ಹರಿಯುತ್ತದೆ. ಎಡಕ್ಕೂ ಬಲಕ್ಕೂ ಸಮನಾಗಿ ತಿರುಗಲು ಸುರುಳಿಯು ಸರಿಯಾಗಿ ನಡುವಿನಲ್ಲಿರಬೇಕು.

ನಡು ತಪ್ಪುವುದು ಹೇಗೆ?

ಸ್ಟೀರಿಂಗ್ ರಿಪೇರಿಗಾಗಿ ಕಂಬದ ಕೆಳಗಿನ ಕೀಲನ್ನು ಬಿಚ್ಚಿದಾಗ ಚಕ್ರಕ್ಕೆ ಮಿತಿಯೇ ಇರದು. ಯಾರಾದರೂ ಒಂದೆರಡು ಸುತ್ತು ತಿರುಗಿಸಿದರೆ ಸುರುಳಿಯ ನಡು ತಪ್ಪಿತು. ಮರಳಿ ಜೋಡಿಸಿದಾಗ ಚಕ್ರ ನೆಟ್ಟಗೇ ಕಾಣುತ್ತದೆ, ಒಳಗಿನ ದೋಷ ಕಾಣದು. ಆದುದರಿಂದ ಬಿಚ್ಚುವ ಮೊದಲು ಮುಂದಿನ ಗಾಲಿಗಳನ್ನು ನೇರ ಮಾಡಿ, ಕೀಲಿಗೆ ಗುರುತು ಹಾಕಿ, ಚಕ್ರವು ಅಲುಗದಂತೆ ಸೀಟ್ ಬೆಲ್ಟಿನಿಂದ ಕಟ್ಟಿಡಬೇಕು.

ನಡುವಿಗೆ ತರುವ ಕ್ರಮ

ಇದು ತಿಳಿದ ಮೆಕ್ಯಾನಿಕ್‌ನ ಕೆಲಸ. ಏರ್‌ಬ್ಯಾಗ್ ಒಳಗೆ ಸಿಡಿಯುವ ಮದ್ದು ಇರುತ್ತದೆ, ಮನೆಯಲ್ಲಿ ಕೈಹಾಕಬಾರದು. ಆದರೆ ಕ್ರಮವನ್ನು ತಾವು ಅರಿತಿದ್ದರೆ ನಿಂತು ಮಾಡಿಸಿಕೊಳ್ಳಬಹುದು.

1. ಗಾಲಿಗಳು ನೇರವಾಗಿರಲಿ. ಚಾವಿ ತೆಗೆದು, ಬ್ಯಾಟರಿಯ ಋಣ ತಂತಿ ಬಿಚ್ಚಿ, ಕಾರಿನ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು. ಬ್ಯಾಟರಿ ಬಿಚ್ಚಿದ ಮೇಲೂ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ.

2. ಏರ್‌ಬ್ಯಾಗ್, ಚಕ್ರಗಳನ್ನು ತೆಗೆದ ಮೇಲೆ ಕ್ಲಾಕ್ ಸ್ಪ್ರಿಂಗನ್ನು ಕೈಯಿಂದ ಮೆಲ್ಲಗೆ ಒಂದು ಕಡೆಗೆ ತಿರುಗಿಸಬೇಕು. ಬಿಗಿ ತಾಗಿದೊಡನೆ ನಿಲ್ಲಿಸಬೇಕು, ಬಲ ಹಾಕಬಾರದು.

3. ಅಲ್ಲಿಂದ ಇನ್ನೊಂದು ಕಡೆಗೆ ಬಿಗಿ ತಾಗುವವರೆಗೆ ಸುತ್ತುಗಳನ್ನು ಎಣಿಸಬೇಕು. ಐದು ಸುತ್ತು ಬಂದರೆ ಎರಡೂವರೆ ಸುತ್ತು ಹಿಂದಕ್ಕೆ ತರಬೇಕು. ಅದೇ ನಡು. ಕಾರಿನ ಪುಸ್ತಕದಲ್ಲಿ ಬೇರೆ ಲೆಕ್ಕವಿದ್ದರೆ ಅದೇ ಪ್ರಮಾಣ.

4. ಬಾಣದ ಗುರುತುಗಳು ಎದುರುಬದುರಾಗಿವೆಯೇ ನೋಡಬೇಕು. ಗುರುತೊಂದನ್ನೇ ನಂಬಬಾರದು, ಅನೇಕ ಕಾರುಗಳಲ್ಲಿ ಅದು ಪ್ರತಿ ಸುತ್ತಿಗೂ ಕೂಡುತ್ತದೆ. ಎಣಿಕೆಯೂ ಗುರುತೂ ಎರಡೂ ಸರಿಯಾಗಬೇಕು.

ಹರಿದ ಪಟ್ಟಿಗೆ ಬೆಸುಗೆ ಹಾಕಿಸಬಾರದು, ಹೊಸದನ್ನೇ ಹಾಕಿಸಬೇಕು. ಹೊಸದು ನಡುವಿಗೇ ನಿಲ್ಲಿಸಿ ಬಂದಿರುತ್ತದೆ. ಅದರ ತಡೆಪಟ್ಟಿಯನ್ನು ಕೂರಿಸುವವರೆಗೂ ತೆಗೆಯಬಾರದು.

ಹಣ ಕೊಡುವ ಮುನ್ನ ನೋಡಿರಿ

ಚಾವಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ, ಕೆಲವು ಕ್ಷಣಗಳಲ್ಲಿ ಆರಬೇಕು. ಚಕ್ರವನ್ನು ಎಡಗಡೆ ಕೊನೆಗೂ ಬಲಗಡೆ ಕೊನೆಗೂ ನಿಧಾನವಾಗಿ ತಿರುಗಿಸಿರಿ. ಸದ್ದು ಬರಬಾರದು, ಎರಡು ಕಡೆಯೂ ಹಾರನ್ ಕೂಗಬೇಕು. ದೀಪ ಆರದಿದ್ದರೆ ಬಲ್ಬ್ ಕೀಳಿಸಿ ಸಮಾಧಾನ ಪಡಬೇಡಿರಿ. ಕಾರನ್ನು ಅಲ್ಲಿಯೇ ಬಿಡಿರಿ. ಕೆಲವು ಕಾರುಗಳಲ್ಲಿ ಸ್ಟೀರಿಂಗ್ ಕೋನ ತಿಳಿಸುವ ಸೆನ್ಸರ್ ಸಹ ಅಲ್ಲಿಯೇ ಇರುತ್ತದೆ. ಅದನ್ನು ಸ್ಕ್ಯಾನರ್ ಯಂತ್ರದಿಂದ ಹೊಂದಿಸಬೇಕಾದೀತು.

ಟ್ರ್ಯಾಕ್ಟರ್, ಹಳೆಯ ಜೀಪುಗಳಲ್ಲಿ ಏರ್‌ಬ್ಯಾಗ್ ಇಲ್ಲ. ಅವುಗಳಿಗೆ ಈ ಚಿಂತೆಯಿಲ್ಲ. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಸುಗ್ಗಿಯ ರಾತ್ರಿ ಭತ್ತ ಹೇರಿ, ಹಿಂದೀಪವಿಲ್ಲದೆ ನಿಂತ ಟ್ರೈಲರು ಕತ್ತಲೆಯಲ್ಲಿ ಎದುರಾದಾಗ ಆ ಚೀಲ ತೆರೆಯಬೇಕು. ತೆರೆಯಬೇಕಾದರೆ ಅಂಗೈಯಗಲದ ಆ ಡಬ್ಬಿಯೊಳಗಿನ ಪಟ್ಟಿ ಇಡಿಯಾಗಿರಬೇಕು. ಗ್ಯಾರೇಜಿಗೆ ಕಾರು ಬಿಡುವಾಗಲೇ 'ಕ್ಲಾಕ್ ಸ್ಪ್ರಿಂಗಿನ ನಡು ತಪ್ಪಿಸಬೇಡಿ' ಎಂದು ಒಂದು ಮಾತು ಹೇಳಿಬಿಡಿರಿ.